ಬೆಳಕು ಬಟ್ಟೆಯ ಮೇಲೆ ಬೀಳಲಿ: ಹೊಲಿಗೆ ಘಟಕಗಳಲ್ಲಿ ಕಣ್ಣು ಕುಕ್ಕುವ ಲೈಟಿನ ಬಗ್ಗೆ

(ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಮಾಲೀಕರು, ಟೇಲರ್‌ಗಳು ಮತ್ತು ವೈರಿಂಗ್ ಕೆಲಸದವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಕೌಲ್ ಬಜಾರಿನ ಸಣ್ಣ ಹೊಲಿಗೆ ಘಟಕಗಳಲ್ಲಿ ಒಂದು ವ್ಯವಸ್ಥೆ ಮತ್ತೆ ಮತ್ತೆ ಕಾಣುತ್ತದೆ. ಮೇಲೆ ತಗಡಿನ ಶೀಟು. ಅದರಿಂದ ಸರಪಳಿ ಕಟ್ಟಿ ಇಳಿಬಿಟ್ಟ ಎಲ್‌ಇಡಿ ಟ್ಯೂಬು. ಟ್ಯೂಬಿಗೆ ಶೇಡ್ ಇಲ್ಲ. ಮಷೀನಿನಲ್ಲಿ ಕೂತವರು ತಲೆ ಎತ್ತಿದರೆ ಸೀದಾ ಅದೇ ಕಣ್ಣಿಗೆ ಬೀಳುತ್ತದೆ. ಎದುರು ಸಾಲಿನ ಮಷೀನುಗಳ ಮೇಲೆ ಬಗ್ಗುವ ಕತ್ತಿನ ಪುಟ್ಟ ಲೈಟುಗಳು ಬೇರೆ. ಗೋಡೆಗೆ ಕಡು ನೀಲಿಯೋ ಹಸಿರೋ ಬಣ್ಣ, ಅದರ ಮೇಲೆ ಬಟ್ಟೆಯ ನವಿರು ಧೂಳು.

ಯಾರಾದರೂ "ಅಣ್ಣ, ಹೊಲಿಗೆ ಸರಿ ಕಾಣ್ತಿಲ್ಲ" ಅಂದರೆ ಮಾಲೀಕರು ಇನ್ನೊಂದು ಟ್ಯೂಬ್ ಹಾಕಿಸುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿಸುತ್ತಾರೆ. ಆದರೂ ದೂರು ಹೋಗುವುದಿಲ್ಲ. ಸಂಜೆ ಹೊತ್ತಿಗೆ ಹಣೆ ನೋವು, ಕಣ್ಣಲ್ಲಿ ನೀರು, ಕತ್ತು ಹಿಡಿದುಕೊಳ್ಳುವುದು ಎಲ್ಲ ಹಾಗೇ ಉಳಿಯುತ್ತದೆ. "ಇಷ್ಟು ಲೈಟ್ ಹಾಕಿದರೂ ಇವರಿಗೆ ಸಮಾಧಾನ ಇಲ್ಲ" ಅನ್ನುವ ಮಾತು ಆಗ ಬರುತ್ತದೆ. ಲೈಟು ಜಾಸ್ತಿ ಇದ್ದೂ ಕಾಣದಿರುವುದಕ್ಕೆ ಗಟ್ಟಿ ಕಾರಣ ಇದೆ. ಆ ಕಾರಣ ತಿಳಿದರೆ ಪರಿಹಾರಕ್ಕೆ ಬಹಳ ದುಡ್ಡೂ ಬೇಕಾಗುವುದಿಲ್ಲ. ಇವತ್ತು ನಾನು ಹೇಳಬೇಕಾದ ವಿಷಯ ಇಷ್ಟೇ.

ಕಣ್ಣು ಕುಕ್ಕುವುದರಲ್ಲಿ ಎರಡು ಬಗೆ ಇದೆ.

ಮೊದಲನೆಯದು ನೋಟವನ್ನೇ ಕೆಡಿಸುವ ಬಗೆ. ರಾತ್ರಿ ಹೊಸಪೇಟೆ ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಎದುರು ಬರುವ ಲಾರಿ ಹೈ ಬೀಮ್ ಹಾಕಿದರೆ ರಸ್ತೆಯ ಅಂಚಿನಲ್ಲಿ ನಡೆಯುವವರು ಮಾಯವಾಗುತ್ತಾರೆ. ಕಣ್ಣಿನ ಒಳಗೆ ಹೋದ ಬಲವಾದ ಬೆಳಕು ಅಲ್ಲಿ ಚದುರುತ್ತದೆ. ಚದುರಿದ ಬೆಳಕು ಕಣ್ಣಿನ ಪರದೆಯ ಮೇಲೆ ತೆಳ್ಳಗೆ ಮಂಜಿನ ಹಾಗೆ ಹರಡುತ್ತದೆ. ನಾವು ನೋಡಬೇಕಾದ ವಸ್ತು ಆ ಮಂಜಿನ ಹಿಂದೆ ಮಸುಕಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಹಾಲಡೇ ಮತ್ತು ಇಂಗ್ಲೆಂಡಿನ ಸ್ಟೈಲ್ಸ್ ಇದನ್ನು ಅಳೆದರು. ಅವರ ಕೆಲಸದಿಂದ ಸಿಕ್ಕ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ನಾವು ನೋಡುವ ದಿಕ್ಕಿಗೂ ಲೈಟಿಗೂ ನಡುವಿನ ಕೋನ ಎರಡು ಪಟ್ಟಾದರೆ ಆ ಮಂಜು ಹತ್ತಿರ ಹತ್ತಿರ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಲೈಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೂ, ಸ್ವಲ್ಪ ಮೇಲೆತ್ತಿದರೂ ಲಾಭ ದೊಡ್ಡದು.

ಎರಡನೆಯದು ಮೋಸದ ಬಗೆ. ಇದರಲ್ಲಿ ವಸ್ತು ಕಾಣುತ್ತದೆ, ಕೆಲಸವೂ ಸಾಗುತ್ತದೆ. ಆದರೆ ಏನೋ ಕಿರಿಕಿರಿ. ಗಂಟೆಗಟ್ಟಲೆ ಕಣ್ಣು ಕಿರಿದು ಮಾಡಿ ಕೂರುತ್ತೇವೆ, ತಲೆ ಒಂದು ಕಡೆ ವಾಲಿಸುತ್ತೇವೆ. ಸಂಜೆ ತಲೆನೋವು ಬಂದಾಗ ಅದು ಲೈಟಿನಿಂದ ಬಂತು ಎಂದು ಹೊಳೆಯುವುದೇ ಇಲ್ಲ. ಬಿಸಿಲು ಅಂತೀವಿ, ಊಟ ತಡವಾಯ್ತು ಅಂತೀವಿ. ಘಟಕಗಳಲ್ಲಿ ಜಾಸ್ತಿ ಇರುವುದು ಈ ಬಗೆಯೇ.

ಈ ಕಿರಿಕಿರಿಯನ್ನು ಅಳೆಯುವುದು ಹೇಗೆ? ಬ್ರಿಟನ್ನಿನ ಕಟ್ಟಡ ಸಂಶೋಧನಾ ಕೇಂದ್ರದಲ್ಲಿ ಹಾಪ್ಕಿನ್ಸನ್ ಮತ್ತು ಜೊತೆಗಾರರು ಜನರನ್ನೇ ಕೂರಿಸಿ ಕೇಳಿದರು. ಲೈಟಿನ ಹೊಳಪು ಬದಲಿಸುತ್ತಾ ಹೋದರು. ಯಾವಾಗ ಕುಕ್ಕುವುದು ಗೊತ್ತಾಗತೊಡಗಿತು, ಎಲ್ಲಿಯವರೆಗೆ ಒಪ್ಪಬಹುದು, ಯಾವಾಗ ಹಿಂಸೆ ಶುರುವಾಯಿತು, ಯಾವಾಗ ತಡೆಯಲು ಆಗಲಿಲ್ಲ ಎಂದು ನಾಲ್ಕು ಹಂತ ಗುರುತಿಸಿದರು. ಇದನ್ನು ನಾನು ಒತ್ತಿ ಹೇಳುತ್ತೇನೆ. ಕೂತವರು "ಹಿಂಸೆ ಆಗ್ತಿದೆ" ಅಂದದ್ದನ್ನೇ ವಿಜ್ಞಾನ ಅಳತೆಗೆ ತಳಹದಿಯಾಗಿ ತೆಗೆದುಕೊಂಡಿತು. ನಿಮ್ಮ ಘಟಕದಲ್ಲಿ ಓವರ್‌ಲಾಕ್ ಮಾಡುವ ಅಕ್ಕ ಹೇಳುವ ಮಾತಿಗೂ ಅಷ್ಟೇ ತೂಕ ಇದೆ.

ಮುಂದೆ 1995ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಯುಜಿಆರ್ ಎಂಬ ಒಂದೇ ಲೆಕ್ಕವನ್ನು ಪ್ರಕಟಿಸಿತು. ಸಂಖ್ಯೆ ಹೆಚ್ಚಾದಷ್ಟೂ ಕುಕ್ಕುವುದು ಹೆಚ್ಚು. ಯುರೋಪಿನ ಮಾನದಂಡ ಇಎನ್ 12464-1 ಆಫೀಸಿಗೆ 19, ತಾಂತ್ರಿಕ ಡ್ರಾಯಿಂಗ್ ಕೆಲಸಕ್ಕೆ 16, ಹೊಲಿಗೆ ಕೆಲಸಕ್ಕೆ 22 ಮೀರಬಾರದು ಎನ್ನುತ್ತದೆ. ಹೊಲಿಗೆಗೆ ಬೇಕಾದ ಬೆಳಕು 750 ಲಕ್ಸ್ ಎಂದೂ ಅದರಲ್ಲಿದೆ (ಲಕ್ಸ್ ಅಂದರೆ ಕೆಲಸದ ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ನಮ್ಮ ದೇಶದಲ್ಲಿ ಒಳಾಂಗಣ ಬೆಳಕಿಗೆ ಐಎಸ್ 3646 ಎಂಬ ಮಾನದಂಡ ಇದೆ.

ಸೂತ್ರ ಬರೆದು ನಿಮ್ಮನ್ನು ಕಾಡುವುದಿಲ್ಲ. ಅದರಲ್ಲಿ ನಾಲ್ಕೇ ಸಂಗತಿ ಇರುವುದು. ಲೈಟಿನ ಮೈ ಎಷ್ಟು ಹೊಳೆಯುತ್ತದೆ, ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ, ನೋಟದ ಗೆರೆಗೆ ಎಷ್ಟು ಹತ್ತಿರ ಇದೆ, ಅದರ ಹಿಂದಿನ ಗೋಡೆ ಮತ್ತು ಚಾವಣಿ ಎಷ್ಟು ಬೆಳಗಿವೆ. ಇವುಗಳಲ್ಲಿ ಎರಡರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ, ಏಕೆಂದರೆ ನಮ್ಮ ಘಟಕಗಳಲ್ಲಿ ತಪ್ಪುವುದು ಅಲ್ಲೇ.

ಮೊದಲು ಹೊಳಪು. ಹಳೆಯ ನಾಲ್ಕಡಿ ಟ್ಯೂಬ್‌ಲೈಟ್ ಇತ್ತಲ್ಲ, ಒಳಗೆ ಅನಿಲ ಇರುವಂಥದ್ದು, ಅದರ ಮೈಯ ಹೊಳಪು ಒಂದು ಚದರ ಮೀಟರಿಗೆ ಸುಮಾರು 10,000 ಕ್ಯಾಂಡೆಲಾ. ಈಗಿನ 20 ವಾಟಿನ ಎಲ್‌ಇಡಿ ಟ್ಯೂಬು 2,000 ಲೂಮೆನ್ (ಲೈಟು ಹೊರಬಿಡುವ ಒಟ್ಟು ಬೆಳಕಿನ ಅಳತೆ) ಬೆಳಕನ್ನು ಎರಡೂವರೆ ಸೆಂಟಿಮೀಟರ್ ಅಗಲದ ಪಟ್ಟಿಯಿಂದ ಒಂದೇ ಕಡೆಗೆ ಬಿಡುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಅದರ ಹೊಳಪು 20,000ದ ಸುತ್ತ ಬರುತ್ತದೆ. ಕರೆಂಟ್ ಉಳಿಯಿತು, ಆದರೆ ಹೊಳಪು ಎರಡು ಪಟ್ಟಾಯಿತು. ಎರಡಡಿ ಉದ್ದ, ಎರಡಡಿ ಅಗಲದ 36 ವಾಟಿನ ಪ್ಯಾನೆಲ್ ಲೈಟು ಅದಕ್ಕಿಂತ ಜಾಸ್ತಿ ಬೆಳಕು ಕೊಟ್ಟರೂ ಹೊಳಪು 3,000ದ ಆಸುಪಾಸಿನಲ್ಲಿ ಇರುತ್ತದೆ. ಅಷ್ಟೇ ಬೆಳಕನ್ನು ಅಗಲವಾದ ಮೈ ಮೇಲೆ ಹರಡಿದರೆ ಕಣ್ಣಿಗೆ ಹಿತ. ಇನ್ನು ಕವರ್ ಇಲ್ಲದೆ ಬರಿಯ ಎಲ್‌ಇಡಿ ಚುಕ್ಕಿ ಕಾಣುವ ಲೈಟುಗಳ ಹೊಳಪು ಹತ್ತಾರು ಲಕ್ಷ ಕ್ಯಾಂಡೆಲಾದವರೆಗೂ ಹೋಗಬಹುದು. ಅಂಥದ್ದು ಕಣ್ಣಿನ ಎತ್ತರದಲ್ಲಿ ಇರಲೇಬಾರದು.

ಈಗ ಬಟ್ಟೆಗೆ ಬನ್ನಿ. ವಾಷಿಂಗಿಗೆ ಹೋಗದ ಕಡು ನೀಲಿ ಡೆನಿಮ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹತ್ತು ಪಾಲು ವಾಪಸ್ ಕೊಡುತ್ತದೆ ಎಂದೇ ಇಟ್ಟುಕೊಳ್ಳಿ. 750 ಲಕ್ಸ್ ಬಿದ್ದರೂ ಬಟ್ಟೆಯ ಹೊಳಪು ಸುಮಾರು 24 ಕ್ಯಾಂಡೆಲಾ ಅಷ್ಟೇ. ಕಣ್ಣು 24ರ ಬಟ್ಟೆಯನ್ನು ನೋಡಬೇಕು, ಪಕ್ಕದಲ್ಲಿ 20,000ದ ಟ್ಯೂಬು ತೂಗುತ್ತಿದೆ. 800 ಪಟ್ಟಿಗೂ ಜಾಸ್ತಿ ವ್ಯತ್ಯಾಸ! ಬಿಳಿ ಅಂಗಿ ಹೊಲಿಯುವವರಿಗೆ ಈ ಪಾಡಿಲ್ಲ. ಕಂಟೋನ್ಮೆಂಟ್ ಕಾಲದಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳ ಊರು ಇದು. ಆಮೇಲೆ ಜೀನ್ಸಿನ ಊರಾಯಿತು. ಬಟ್ಟೆ ಕಪ್ಪಾಯಿತು, ಕೆಲಸ ರಾತ್ರಿಗೂ ಬಂತು, ಲೈಟಿನ ಬಗ್ಗೆ ಮಾತ್ರ ನಾವು ಕೂತು ಯೋಚಿಸಲಿಲ್ಲ. ಕಪ್ಪು ಪ್ಯಾಂಟಿಗೆ ಕಪ್ಪು ದಾರ ಹಾಕುವ ಕೆಲಸದಲ್ಲಂತೂ ಕಣ್ಣಿಗೆ ಹಿಡಿಯಲು ಬಣ್ಣದ ವ್ಯತ್ಯಾಸವೇ ಸಿಗುವುದಿಲ್ಲ.

ಎರಡನೆಯದು ಹಿನ್ನೆಲೆ. ಅದೇ ಲಾರಿ ಹಗಲಲ್ಲಿ ಹೆಡ್‌ಲೈಟ್ ಹಾಕಿ ಬಂದರೆ ನಮಗೆ ಏನೂ ಅನ್ನಿಸುವುದಿಲ್ಲ. ದೀಪ ಅದೇ, ಸುತ್ತಲಿನ ಬೆಳಕು ಬದಲಾಗಿದೆ. ಕಡು ಬಣ್ಣದ ಗೋಡೆಯ ಮುಂದೆ ಟ್ಯೂಬು ರಾತ್ರಿಯ ಹೆಡ್‌ಲೈಟು. ಬಿಳಿ ಗೋಡೆಯ ಮುಂದೆ ಅದರ ಕಾಟ ಕಡಿಮೆ. ಚಾವಣಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು, ಗೋಡೆ ಐವತ್ತಕ್ಕಿಂತ ಹೆಚ್ಚು ವಾಪಸ್ ಕೊಡುವಂತಿರಲಿ ಎಂದು ಮಾನದಂಡಗಳು ಹೇಳುತ್ತವೆ. ಇದಕ್ಕೆ ಸುಣ್ಣ ಸಾಕು. ತಗಡಿನ ಶೀಟಿನ ಒಳಮೈಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದರೆ ಇನ್ನೂ ಒಳ್ಳೆಯದು. ಲೈಟುಗಳನ್ನು ಮುಟ್ಟದೆ ಹಿನ್ನೆಲೆಯ ಬೆಳಕನ್ನು ಎರಡು ಪಟ್ಟು ಮಾಡಿದರೆ ಯುಜಿಆರ್ ಸುಮಾರು ಎರಡೂವರೆ ಇಳಿಯುತ್ತದೆ. ಈ ಅಳತೆಯಲ್ಲಿ ಮೂರು ಅಂಕ ಅಂದರೆ ಒಂದು ಇಡೀ ಮೆಟ್ಟಿಲು.

ಕಾನೂನು ಬರೆದವರಿಗೂ ಇದು ಗೊತ್ತಿತ್ತು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 17ನೇ ಕಲಂನಲ್ಲಿ, ಲೈಟಿನಿಂದ ನೇರವಾಗಿಯಾಗಲಿ, ನುಣುಪಾದ ಅಥವಾ ಪಾಲಿಶ್ ಆದ ಮೈಯಿಂದ ಪ್ರತಿಫಲಿಸಿಯಾಗಲಿ ಕಣ್ಣು ಕುಕ್ಕದಂತೆ ಆದಷ್ಟು ಮಟ್ಟಿಗೆ ವ್ಯವಸ್ಥೆ ಮಾಡಬೇಕು ಎಂದು ಸ್ಪಷ್ಟವಾಗಿ ಬರೆದರು. ಕಣ್ಣಿಗೆ ಆಯಾಸ ತರುವ ನೆರಳು ಬೀಳಬಾರದು ಎಂದೂ ಸೇರಿಸಿದರು. ಬಣ್ಣ ಬಳಿಯದ ಗೋಡೆಗೆ 14 ತಿಂಗಳಿಗೆ ಒಮ್ಮೆಯಾದರೂ ಸುಣ್ಣ ಹೊಡೆಯಬೇಕು ಎಂಬುದು ಅದೇ ಕಾಯ್ದೆಯ 11ನೇ ಕಲಂನಲ್ಲಿತ್ತು. ಅದನ್ನು ಸ್ವಚ್ಛತೆಗೆ ಅಂತ ಬರೆದದ್ದು, ಆದರೆ ಕಣ್ಣಿಗೂ ಅದರಿಂದ ಉಪಕಾರವೇ. ಎಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಹಿಂದೆ ಕಾಗದದ ಮೇಲೆ ಬಂದ ಮಾತು ಇನ್ನೂ ಮಷೀನಿನ ಹತ್ತಿರ ಬಂದಿಲ್ಲ. ನನಗೆ ಬೇಸರ ಆಗುವುದು ಇದಕ್ಕೆ.

ಈಗ ನಾಳೆ ಬೆಳಿಗ್ಗೆ ಏನು ಮಾಡಬಹುದು ಎಂದು ನೋಡೋಣ.

ಟೇಲರ್ ಕೂರುವ ಜಾಗದಲ್ಲಿ ನೀವೇ ಕೂರಿ. ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಕೆಲಸ ಮಾಡುವ ಹಾಗೆ ಎದುರು ನೋಡುತ್ತಾ ಅಂಗೈಯನ್ನು ಹುಬ್ಬಿನ ಮೇಲೆ ಸಜ್ಜಾದ ಹಾಗೆ ಹಿಡಿಯಿರಿ. ಕಣ್ಣಿಗೆ ಹಾಯ್ ಅನ್ನಿಸಿತಾ? ಹಾಗಾದರೆ ಆ ಜಾಗದಲ್ಲಿ ಲೈಟು ಕುಕ್ಕುತ್ತಿದೆ. ಕೈ ತೆಗೆದು, ಒಂದೊಂದೇ ಲೈಟನ್ನು ಮರೆ ಮಾಡುತ್ತಾ ಹೋದರೆ ತಪ್ಪಿತಸ್ಥ ಯಾವುದು ಎಂದು ಸಿಗುತ್ತದೆ.

ಇನ್ನೊಂದು ಪರೀಕ್ಷೆಗೆ ಪುಟ್ಟ ಕನ್ನಡಿ ಬೇಕು. ಸೂಜಿಯ ಕೆಳಗಿನ ಸ್ಟೀಲ್ ಪ್ಲೇಟಿನ ಮೇಲೆ ಕನ್ನಡಿಯನ್ನು ಮಲಗಿಸಿ. ಕೂತಲ್ಲಿಂದ ಕನ್ನಡಿಯಲ್ಲಿ ಯಾವುದಾದರೂ ಲೈಟು ಕಂಡರೆ, ಆ ಲೈಟೇ ಪ್ಲೇಟಿನ ಮೇಲಿಂದ ಪುಟಿದು ನಿಮ್ಮ ಕಣ್ಣಿಗೆ ಬರುತ್ತಿದೆ. ದಿನವಿಡೀ ನೋಡುವ ಜಾಗ ಅದೇ ಅಲ್ವಾ? ಆ ಲೈಟನ್ನು ಪಕ್ಕಕ್ಕೆ ಸರಿಸಿ. ಕನ್ನಡಿಯಿಂದ ಅದು ಮರೆಯಾದರೆ ಕೆಲಸ ಆಯಿತು. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಪರದೆಯನ್ನು ಆರಿಸಿ ನೋಡಿ. ಕಪ್ಪು ಪರದೆಯಲ್ಲಿ ಕಾಣುವ ಲೈಟು, ಕಿಟಕಿ ಎಲ್ಲವೂ ಕೆಲಸದ ವೇಳೆ ಅಕ್ಷರಗಳ ಮೇಲೆ ಕೂತಿರುತ್ತವೆ. ಕಿಟಕಿ ಬೆನ್ನಿಗೂ ಬೇಡ, ಎದುರಿಗೂ ಬೇಡ, ಪಕ್ಕಕ್ಕೆ ಬರಲಿ.

ಟ್ಯೂಬುಗಳ ದಿಕ್ಕು ಮುಖ್ಯ. ಟೇಲರ್ ನೋಡುವ ದಿಕ್ಕಿಗೆ ಅಡ್ಡವಾಗಿ ಕಟ್ಟಿದರೆ ಟ್ಯೂಬಿನ ಪೂರ್ತಿ ಉದ್ದ ಕಣ್ಣಿಗೆ ಬೀಳುತ್ತದೆ. ನೋಡುವ ದಿಕ್ಕಿನಲ್ಲೇ ಉದ್ದಕ್ಕೆ, ತಲೆಯ ನೇರಕ್ಕೆ ಬದಲು ಎಡಬಲಕ್ಕೆ ಕಟ್ಟಿದರೆ ತುದಿ ಮಾತ್ರ ಕಾಣುತ್ತದೆ, ಕೈಯ ನೆರಳೂ ಕಡಿಮೆ. ಆದಷ್ಟು ಮೇಲಕ್ಕೆ ಎತ್ತಿ. ಆದರೆ ಫ್ಯಾನಿನ ರೆಕ್ಕೆಯ ಮೇಲೆ ಬರದಂತೆ ನೋಡಿಕೊಳ್ಳಿ. ಬಂದರೆ ರೆಕ್ಕೆ ಬೆಳಕನ್ನು ಕತ್ತರಿಸಿ ಕತ್ತರಿಸಿ ಬಿಡುತ್ತದೆ, ಅದು ಬೇರೆ ಹಿಂಸೆ. ಪಾರದರ್ಶಕ ಕವರಿನ ಟ್ಯೂಬು ಬೇಡ, ಹಾಲು ಬಿಳಿ ಕವರ್ ಇರಲಿ. ಎರಡೂ ಬದಿಗೆ ಶೇಡ್ ಇರಲಿ. 20,000ದಿಂದ 50,000 ಕ್ಯಾಂಡೆಲಾ ಹೊಳಪಿನ ಲೈಟಿಗೆ, ಮಟ್ಟಸದ ಗೆರೆಯಿಂದ ಮೇಲಕ್ಕೆ ಕನಿಷ್ಠ 15 ಡಿಗ್ರಿವರೆಗೆ ಬಲ್ಬು ಕಾಣದ ಹಾಗೆ ಮರೆ ಬೇಕು ಎನ್ನುತ್ತದೆ ಆ ಯುರೋಪಿನ ಮಾನದಂಡ. 5 ಲಕ್ಷ ಮೀರಿದರೆ 30 ಡಿಗ್ರಿ.

ಮೇಲೆತ್ತಿದರೆ ಬಟ್ಟೆಗೆ ಬೆಳಕು ಸಾಲುವುದಿಲ್ಲ ಅನ್ನುತ್ತೀರಿ. ನಿಜ. ಅದಕ್ಕೇ ಮಷೀನಿನ ಪುಟ್ಟ ಲೈಟು ಇರುವುದು. ಇಡೀ ಕೋಣೆಗೆ ಸಾಧಾರಣ ಬೆಳಕು ಇರಲಿ, ಸೂಜಿಯ ಹತ್ತಿರ ಬೇಕಾದಷ್ಟು ಬೆಳಕು ಈ ಲೈಟಿನಿಂದ ಬರಲಿ. ದೂರ ಅರ್ಧವಾದರೆ ಬೆಳಕು ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಕಡಿಮೆ ವಾಟು ಸಾಕು. ಆದರೆ ಮುಖ ಮುಚ್ಚಿದ ಲೈಟು ಬೇಕು. ಅದರ ಎಲ್‌ಇಡಿ ಚುಕ್ಕಿಗಳು ಹೊಲಿಯುವವರಿಗೂ ಕಾಣಬಾರದು, ಎದುರು ಸಾಲಿನವರಿಗೂ ಕಾಣಬಾರದು. ನಮ್ಮಲ್ಲಿ ಜಾಸ್ತಿ ಆಗುವ ತಪ್ಪು ಈ ಎರಡನೆಯದು. ಒಬ್ಬರ ಮಷೀನಿನ ಲೈಟು ಇನ್ನೊಬ್ಬರ ಕಣ್ಣಿಗೆ ಚುಚ್ಚುತ್ತಿರುತ್ತದೆ. ಅವರು ರಟ್ಟಿನ ತುಂಡೋ ಬಟ್ಟೆಯ ಚೂರೋ ಅಡ್ಡ ಕಟ್ಟಿಕೊಂಡಿರುತ್ತಾರೆ. ಹಾಗೆ ಕಟ್ಟಿದ್ದು ಕಂಡರೆ ಕಿತ್ತು ಹಾಕಬೇಡಿ. ಎಲ್ಲಿ ಶೇಡ್ ಬೇಕು ಎಂದು ಅವರು ತೋರಿಸಿಕೊಟ್ಟಿದ್ದಾರೆ. ಅಲ್ಲಿಗೆ ಬೆಂಕಿ ಹಿಡಿಯದ ತಗಡಿನ ಶೇಡ್ ಮಾಡಿಸಿ ಕೊಡಿ.

ಚೆಕಿಂಗ್ ಟೇಬಲ್ಲಿಗೆ ಒಂದು ವಿಶೇಷ ಮಾತು. ನಾಲ್ಕೂ ಕಡೆಯಿಂದ ಸಮನಾಗಿ ಬರುವ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲಿನ ಕಪ್ಪು ಹೊಲಿಗೆ ಮಟ್ಟಸವಾಗಿ ಕಾಣುತ್ತದೆ, ಬಿಟ್ಟುಹೋದ ಹೊಲಿಗೆ ತಪ್ಪಿಸಿಕೊಳ್ಳುತ್ತದೆ. ಲೈಟು ಒಂದು ಪಕ್ಕದಿಂದ, ತಗ್ಗಿನಲ್ಲಿ, ಬಟ್ಟೆಯನ್ನು ಸವರಿದ ಹಾಗೆ ಬಂದರೆ ಪ್ರತಿ ಹೊಲಿಗೆಗೂ ಒಂದು ಸಣ್ಣ ನೆರಳು ಬೀಳುತ್ತದೆ. ಆ ನೆರಳಿನ ಸಾಲು ತಪ್ಪಿದಲ್ಲಿ ಕಣ್ಣು ತಾನಾಗಿ ನಿಲ್ಲುತ್ತದೆ. ಅಷ್ಟು ತಗ್ಗಿನ ಲೈಟಿಗೆ ನೋಡುವವರ ಕಡೆ ಮರೆ ಕಡ್ಡಾಯ.

ಕಿಟಕಿಯ ಬಗ್ಗೆ ಸ್ವಲ್ಪ. ಉತ್ತರದ ಕಿಟಕಿಯಲ್ಲಿ ಬಿಸಿಲು ಬರುವುದಿಲ್ಲ ಎಂದು ತಣ್ಣನೆಯ ದೇಶಗಳ ಪುಸ್ತಕಗಳಲ್ಲಿ ಇರುತ್ತದೆ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಸಣ್ಣ ಸಜ್ಜಾ ತಡೆಯುತ್ತದೆ. ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲಿಗೆ ಬಿಳಿ ಪರದೆ ಬೇಕು. ಪಶ್ಚಿಮದ ಕಿಟಕಿಗಂತೂ ಬೇಕೇ ಬೇಕು. ಚಾವಣಿಯಲ್ಲಿ ಹಾಕುವ ಫೈಬರ್ ಶೀಟಿನಿಂದ ಟೇಬಲ್ ಮೇಲೆ ಬಿಸಿಲಿನ ಚೌಕ ಬೀಳುತ್ತಿದ್ದರೆ ಮಷೀನನ್ನು ಅಲ್ಲಿಂದ ಸರಿಸಿ.

ವಯಸ್ಸಿನ ವಿಷಯವನ್ನು ಯಾರೂ ಎತ್ತುವುದಿಲ್ಲ, ನಾನು ಎತ್ತುತ್ತೇನೆ. 20ರ ಕಣ್ಣಿನ ಒಳಗೆ ತಲುಪುವ ಬೆಳಕಿನ ಮೂರನೇ ಒಂದು ಪಾಲು ಮಾತ್ರ 60ರ ಕಣ್ಣಿಗೆ ತಲುಪುತ್ತದೆ. ಹಾಗಾಗಿ ವಯಸ್ಸಾದವರಿಗೆ ಬೆಳಕು ಜಾಸ್ತಿ ಬೇಕು. ಅದೇ ಹೊತ್ತಿಗೆ ಮಸೂರ ಮಬ್ಬಾಗುತ್ತಾ ಬರುವುದರಿಂದ ಕಣ್ಣೊಳಗೆ ಬೆಳಕು ಚದುರುವುದೂ ಜಾಸ್ತಿ. ಬೆಳಕು ಹೆಚ್ಚು ಬೇಕು, ಕುಕ್ಕುವುದನ್ನು ತಡೆಯುವ ಶಕ್ತಿ ಕಡಿಮೆ. ಅನುಭವ ಇರುವ ಹಿರಿಯ ಕಟಿಂಗ್ ಮಾಸ್ಟರ್‌ಗೆ ಹೊಸ ಹುಡುಗರಿಗಿಂತ ಒಳ್ಳೆಯ ಲೈಟು ಕೊಡಬೇಕು. ಲೈಟಿನ ಸುತ್ತ ಬಳೆಯ ಹಾಗೆ ಕಾಣುತ್ತಿದೆ, ಇತ್ತೀಚೆಗೆ ತುಂಬಾ ಕುಕ್ಕುತ್ತಿದೆ ಅಂದರೆ ಪೊರೆ ಇರಬಹುದು. ಕಣ್ಣಿನ ಡಾಕ್ಟರಿಗೆ ತೋರಿಸಿ. ಗೀರು ಬಿದ್ದ ಚಾಳೀಸು ಕೂಡ ಬೆಳಕನ್ನು ಚದುರಿಸುತ್ತದೆ, ಬದಲಿಸಿ.

ಸಭೆಯಲ್ಲಿ ಬಂದ ಪ್ರಶ್ನೆಗಳು.

"ಡಬ್ಬದ ಮೇಲೆ ಯುಜಿಆರ್ 19 ಅಂತ ಬರೆದಿರುತ್ತೆ, ತಗೊಂಡರೆ ಸಾಕಾ?" ಎಂದು ಒಬ್ಬರು ಕೇಳಿದರು. ಆ ಸಂಖ್ಯೆ ಒಂದು ಮಾದರಿ ಕೋಣೆಗೆ ಹಾಕಿದ ಲೆಕ್ಕ. ನಿಮ್ಮ ಗೋಡೆ ಕಡು ಬಣ್ಣದ್ದಾಗಿ, ಲೈಟು ತಗ್ಗಿನಲ್ಲಿದ್ದರೆ ಅದು ಉಳಿಯುವುದಿಲ್ಲ. ಆದರೂ ಬರೆದಿರುವ ಲೈಟು ಬರೆಯದ ಲೈಟಿಗಿಂತ ಮೇಲು, ತಗೊಳ್ಳಿ.

"ಫೋನಿನಲ್ಲಿ ಲಕ್ಸ್ ಅಳೆಯಬಹುದಾ?" ಒಂದು ಮಷೀನಿಗೂ ಇನ್ನೊಂದಕ್ಕೂ ಹೋಲಿಸಲು ಪರವಾಗಿಲ್ಲ, ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಮತ್ತೆ, ಲಕ್ಸ್ ಎಷ್ಟೇ ಸರಿ ಇದ್ದರೂ ಕುಕ್ಕುತ್ತಿದೆಯೋ ಇಲ್ಲವೋ ಅದರಿಂದ ತಿಳಿಯದು. ಫೋನ್ ಕ್ಯಾಮೆರಾದಲ್ಲಿ ಲೈಟನ್ನು ನೋಡಿದಾಗ ಪಟ್ಟೆ ಪಟ್ಟೆ ಓಡಿದರೆ ಆ ಲೈಟು ಮಿನುಗುತ್ತಿದೆ ಎಂದರ್ಥ. ಓಡುವ ಸೂಜಿ, ಚಕ್ರ ಇರುವ ಕಡೆ ಅಂಥ ಲೈಟು ಬೇಡ.

"ಬೆಳ್ಳಗಿನ ಲೈಟು ಜಾಸ್ತಿ ಕುಕ್ಕುತ್ತೆ ಅಲ್ವಾ?" ಹೌದು, ನೀಲಿ ಬೆರೆತ ಬಿಳಿ ಬೆಳಕು ಅಷ್ಟೇ ಹೊಳಪಿನಲ್ಲೂ ತುಸು ಹೆಚ್ಚು ಕಾಡುತ್ತದೆ. ಯುಜಿಆರ್ ಲೆಕ್ಕದಲ್ಲಿ ಬಣ್ಣಕ್ಕೆ ಜಾಗವೇ ಇಲ್ಲ. ಹೊಲಿಗೆಗೆ 4000 ಕೆಲ್ವಿನ್ ಲೈಟು ಹಿತವಾಗಿರುತ್ತದೆ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ನೀಲಿ ಹೆಚ್ಚು). ಬಣ್ಣ ಸರಿಯಾಗಿ ತೋರಿಸುವ ಸಿಆರ್‌ಐ ಸಂಖ್ಯೆ 80ಕ್ಕಿಂತ ಕಡಿಮೆ ಬೇಡ.

ಕೊನೆಗೆ ಒಬ್ಬ ಅಕ್ಕ ಎದ್ದು, "ನಾವು ಮನೆಯಲ್ಲೇ ದಾರ ಕತ್ತರಿಸೋರು, ನಮಗೇನು ಹೇಳ್ತೀರಿ?" ಎಂದರು. ಬಲ್ಬಿನ ಎದುರಿಗೆ ಕೂರಬೇಡಿ ಅಕ್ಕ, ಬಲ್ಬು ನಿಮ್ಮ ಎಡ ಹೆಗಲಿನ ಹಿಂದೆ, ಮೇಲಕ್ಕೆ ಬರುವ ಹಾಗೆ ಕೂರಿ. ಎಡಗೈಯಲ್ಲಿ ಕತ್ತರಿ ಹಿಡಿಯುವವರು ಬಲ ಹೆಗಲಿಗೆ ಬದಲಿಸಿಕೊಳ್ಳಿ. ಬಿಳಿ ಗೋಡೆಯ ಹತ್ತಿರ ಕೂತರೆ ಇನ್ನೂ ಒಳ್ಳೆಯದು. ಮಾಲೀಕರಲ್ಲೂ ಒಂದು ಕೇಳಿಕೆ ಇದೆ. ಮನೆಗಳಿಗೆ ಪ್ಯಾಂಟಿನ ಬಂಡಲ್ ಕಳಿಸುತ್ತೀರಿ, ಕತ್ತರಿ ಕೊಡುತ್ತೀರಿ. ಅದರ ಜೊತೆಗೆ ಶೇಡ್ ಇರುವ ಒಂದು ಟೇಬಲ್ ಲೈಟನ್ನೂ ಕಳಿಸಿ.